ಕಣಗಿಲೆ: ಅಂಗಳಕ್ಕೆ ಚೆಲುವು, ಬಾಯಿಗೆ ವಿಷ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ರಾಜ್ಯದ ಹೆದ್ದಾರಿಗಳಲ್ಲಿ ಪ್ರಯಾಣಿಸುವವರ ಕಣ್ಣಿಗೆ ಬೀಳುವ ಹಸಿರು ಬಹಳ ಕಡಿಮೆ. ಇಕ್ಕೆಲದ ಹೊಲಗಳು ಬರಿದಾಗಿರುತ್ತವೆ, ಕೆರೆಗಳು ಬತ್ತಿರುತ್ತವೆ. ಇಂತಹ ಹೊತ್ತಿನಲ್ಲಿಯೂ ರಸ್ತೆ ವಿಭಜಕದ ಮೇಲೆ, ಕಾದ ಡಾಂಬರಿನ ಮತ್ತು ಲಾರಿಗಳ ಹೊಗೆಯ ನಡುವೆ, ಎಳೆಗುಲಾಬಿ ಬಣ್ಣದ ಹೂಗೊಂಚಲುಗಳನ್ನು ಹೊತ್ತು ನಿಂತಿರುವ ಪೊದೆಯೇ ಕಣಗಿಲೆ. ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ನೀರು ಹೆಚ್ಚು ಬೇಡ, ಎದುರಿನಿಂದ ಬರುವ ವಾಹನಗಳ ದೀಪದ ಪ್ರಖರತೆಯನ್ನು ತಡೆಯುವಷ್ಟು ದಟ್ಟವಾಗಿ ಬೆಳೆಯುತ್ತದೆ. ಹೆದ್ದಾರಿಗಳಿಗೆ ಇದನ್ನು ಆರಿಸಿಕೊಳ್ಳಲು ಇಷ್ಟು ಕಾರಣಗಳು ಸಾಕು.

ಇದೇ ಗಿಡ ಈಗ ನಗರಗಳ ಮನೆಯಂಗಳ, ತಾರಸಿ ಮತ್ತು ಬಾಲ್ಕನಿಗಳಿಗೂ ಬಂದಿದೆ. ನರ್ಸರಿಗಳಲ್ಲಿ 'ನೀರಿಯಂ' ಅಥವಾ 'ಓಲಿಯಾಂಡರ್' ಎಂಬ ಹೆಸರಿನಲ್ಲಿ ಗಿಡ್ಡ ತಳಿಗಳು ಮಾರಾಟವಾಗುತ್ತಿವೆ. ಕೊಳ್ಳುವವರಲ್ಲಿ ಅನೇಕರಿಗೆ ಇದು ಅಜ್ಜಿಯ ಮನೆಯ ಹಿತ್ತಿಲಿನಲ್ಲಿದ್ದ ಕಣಗಿಲೆಯೇ ಎಂಬುದು ತಿಳಿದಿರುವುದಿಲ್ಲ. ಹಿತ್ತಿಲಿನ ಕಣಗಿಲೆಯ ಜೊತೆಗೆ ಹಿರಿಯರು ಹೇಳುತ್ತಿದ್ದ ಎಚ್ಚರಿಕೆಯ ಮಾತು ಹೊಸ ಹೆಸರಿನ ಜೊತೆಗೆ ಬಂದಿಲ್ಲ. ಬೇರಿನಿಂದ ಬೀಜದವರೆಗೆ ಈ ಗಿಡದ ಪ್ರತಿಯೊಂದು ಭಾಗವೂ ವಿಷ. ಬೆಳೆಸುವುದು ಅತ್ಯಂತ ಸುಲಭವಾದ, ಆದರೆ ಎಲ್ಲಿ ಮತ್ತು ಹೇಗೆ ಬೆಳೆಸಬೇಕೆಂಬುದನ್ನು ಯೋಚಿಸಿಯೇ ನೆಡಬೇಕಾದ ಗಿಡ ಇದು.

ಹೆಸರಿನ ಗೊಂದಲ

ಕನ್ನಡದಲ್ಲಿ ಕಣಗಿಲೆ, ಕಣಗಿಲು, ಕಣಗಲೆ ಎಂದು ಪ್ರದೇಶಕ್ಕೊಂದು ಉಚ್ಚಾರಣೆಯಿದೆ. ಸಂಸ್ಕೃತದಲ್ಲಿ ಕರವೀರ. ಕೊಲ್ಹಾಪುರಕ್ಕೆ ಪ್ರಾಚೀನ ಕಾಲದಿಂದ ಇರುವ ಹೆಸರೂ ಕರವೀರವೇ. ಅದೇ ಸಂಸ್ಕೃತದಲ್ಲಿ ಈ ಗಿಡಕ್ಕೆ ಹಯಮಾರಕ, ಅಶ್ವಮಾರಕ ಎಂಬ ಹೆಸರುಗಳೂ ಇವೆ. ಕುದುರೆಯನ್ನು ಕೊಲ್ಲುವಂಥದು ಎಂದು ಇವುಗಳ ಅರ್ಥ. ಹೆಸರಿಟ್ಟವರು ಗಿಡದ ಗುಣವನ್ನು ಮುಚ್ಚಿಡಲಿಲ್ಲ. ತೆಲುಗಿನಲ್ಲಿ ಗನ್ನೇರು, ಹಿಂದಿಯಲ್ಲಿ ಕನೇರ್, ಮರಾಠಿಯಲ್ಲಿ ಕಣ್ಹೇರ್ ಎನ್ನುತ್ತಾರೆ.

ತಮಿಳು ಮತ್ತು ಮಲಯಾಳಂ ಭಾಷೆಗಳಲ್ಲಿ ಇದರ ಹೆಸರು ಅರಳಿ. ಕನ್ನಡಿಗರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. 2024ರಲ್ಲಿ ಕೇರಳದ ದೇವಾಲಯಗಳಲ್ಲಿ 'ಅರಳಿ ಹೂವಿಗೆ ನಿಷೇಧ' ಎಂಬ ಸುದ್ದಿ ಹಬ್ಬಿದಾಗ, ಅಶ್ವತ್ಥಕಟ್ಟೆಯ ಅರಳಿ ಮರಕ್ಕೆ ಏನಾಯಿತು ಎಂದು ಕನ್ನಡ ಬಲ್ಲವರು ಬೆರಗಾಗಿದ್ದರೆ ಆಶ್ಚರ್ಯವಿಲ್ಲ. ನಮ್ಮ ಅರಳಿಗೂ ಅಲ್ಲಿನ ಅರಳಿಗೂ ಯಾವ ನಂಟೂ ಇಲ್ಲ.

ಮತ್ತೆರಡು ಗಿಡಗಳು ಕಣಗಿಲೆಯ ಹೆಸರನ್ನು ಹಂಚಿಕೊಂಡಿವೆ. ದೇವಕಣಗಿಲೆ ಎಂದರೆ ಕಾಡುಸಂಪಿಗೆ ಎಂದೂ ಕರೆಯಲಾಗುವ, ಎಲೆ ಉದುರಿ ಬರಿದಾದ ಕೊಂಬೆಗಳ ಮೇಲೆ ಪರಿಮಳದ ಹೂ ಬಿಡುವ ಮರ. ಹಳದಿ ಕಣಗಿಲೆ ಎಂದರೆ ಗಂಟೆಯಾಕಾರದ ಹಳದಿ ಹೂವಿನ, ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ ಮೂಲದ ಗಿಡ. ಮೂರೂ ಒಂದೇ ಸಸ್ಯ ಕುಟುಂಬಕ್ಕೆ, ಅಂದರೆ ಅಪೋಸೈನೇಸಿಗೆ ಸೇರಿವೆ. ನಂದಿಬಟ್ಟಲು, ನಿತ್ಯಪುಷ್ಪ, ಎಕ್ಕ, ಸರ್ಪಗಂಧ, ಬೇಸಿಗೆಯಲ್ಲಿ ಮಕ್ಕಳು ಕಿತ್ತು ತಿನ್ನುವ ಕವಳೆ ಹಣ್ಣಿನ ಗಿಡ ಕೂಡ ಇದೇ ಕುಟುಂಬದವು. ಒಂದೇ ಮನೆತನದಲ್ಲಿ ಎಷ್ಟು ಬಗೆಯ ಸ್ವಭಾವಗಳಿರಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಗಿಡದ ಸ್ವರೂಪ

ನೀರಿಯಮ್ ಓಲಿಯಾಂಡರ್ ಎಂಬ ವೈಜ್ಞಾನಿಕ ಹೆಸರನ್ನು 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಪ್ರಕಟಿಸಿದರು. ಸುವಾಸನೆಯುಳ್ಳ ಭಾರತದ ಕಣಗಿಲೆಯನ್ನು ಬಹುಕಾಲ ಪ್ರತ್ಯೇಕ ಪ್ರಭೇದವೆಂದು ಎಣಿಸಲಾಗುತ್ತಿತ್ತು. ಈಗ ಎಲ್ಲವನ್ನೂ ಒಂದೇ ಪ್ರಭೇದವೆಂದು ಪರಿಗಣಿಸಲಾಗಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಿಂದ ಭಾರತ ಉಪಖಂಡವನ್ನು ಹಾದು ದಕ್ಷಿಣ ಚೀನಾದವರೆಗೆ ಇದರ ವಾಸಸ್ಥಾನ ಹಬ್ಬಿದೆ. ಸಾವಿರಾರು ವರ್ಷಗಳಿಂದ ಮನುಷ್ಯರು ನೆಟ್ಟು ಹರಡಿರುವುದರಿಂದ ಮೂಲ ನೆಲೆ ಇಂಥದೇ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಜ್ವಾಲಾಮುಖಿಯ ಬೂದಿಯಡಿ ಹುದುಗಿಹೋಗಿದ್ದ ರೋಮನ್ನರ ಪೊಂಪೆಯಿ ನಗರದ ಗೋಡೆಚಿತ್ರಗಳಲ್ಲಿಯೂ ಕಣಗಿಲೆಯ ಪೊದೆಗಳು ಕಾಣಿಸುತ್ತವೆ.

ಸಾಮಾನ್ಯವಾಗಿ 2ರಿಂದ 6 ಮೀಟರ್ ಎತ್ತರಕ್ಕೆ ಬೆಳೆಯುವ ನಿತ್ಯಹರಿದ್ವರ್ಣದ ಪೊದೆ ಇದು. ಬುಡದಿಂದಲೇ ಅನೇಕ ಕಾಂಡಗಳು ಹೊರಡುತ್ತವೆ. ಕಿರಿದಾದ, ಉದ್ದನೆಯ, ಚರ್ಮದಂತೆ ಗಡುಸಾದ ಎಲೆಗಳು ಒಂದೊಂದು ಗೆಣ್ಣಿನಲ್ಲಿ ಮೂರು ಮೂರಾಗಿ ಜೋಡಣೆಗೊಂಡಿರುತ್ತವೆ. ಈ ಮೂರರ ಲೆಕ್ಕವನ್ನು ಬೆಳೆಗಾರರು ನೆನಪಿಟ್ಟುಕೊಳ್ಳುವುದು ಒಳಿತು, ಸವರುವಾಗ ಅದು ಉಪಯೋಗಕ್ಕೆ ಬರುತ್ತದೆ. ಹೂಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಅರಳುತ್ತವೆ. ಐದು ದಳಗಳ ನಡುವೆ ಗಂಟಲಿನ ಬಳಿ ಜಾಲರಿಯಂತಹ ಕುಚ್ಚು ಇರುತ್ತದೆ. ಗುಲಾಬಿ ಬಣ್ಣ ಎಲ್ಲಕ್ಕಿಂತ ಸಾಮಾನ್ಯ. ಬಿಳಿ, ಕೆಂಪು ಹಾಗೂ ಏಪ್ರಿಕಾಟ್ ಛಾಯೆಯ ತಳಿಗಳೂ ಇವೆ.

ಕಾದ ನೆಲದಲ್ಲಿ ಇದು ಬದುಕುವ ಗುಟ್ಟು ಎಲೆಯ ಕೆಳಮೈಯಲ್ಲಿದೆ. ಪದವಿ ತರಗತಿಗಳಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಪ್ರಯೋಗಾಲಯದಲ್ಲಿ ಕಣಗಿಲೆಯ ಎಲೆಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದ್ದು ನೆನಪಿರಬಹುದು. ಇತರ ಗಿಡಗಳಲ್ಲಿ ಪತ್ರರಂಧ್ರಗಳು ಎಲೆಯ ಮೇಲ್ಮೈಯಲ್ಲಿ ತೆರೆದುಕೊಂಡಿದ್ದರೆ, ಇದರಲ್ಲಿ ಅವು ಆಳವಾದ ಕುಳಿಗಳೊಳಗೆ ಅಡಗಿವೆ. ಕುಳಿಯ ಒಳಗೆ ನವಿರಾದ ರೋಮಗಳಿದ್ದು, ಬಿಸಿಗಾಳಿ ನೇರವಾಗಿ ರಂಧ್ರಗಳನ್ನು ಸೋಕದಂತೆ ತಡೆಯುತ್ತವೆ. ಮೇಲ್ಭಾಗದಲ್ಲಿ ದಪ್ಪನೆಯ ಮೇಣದ ಹೊದಿಕೆಯಿದೆ. ಎಲೆಯೊಳಗಿನ ನೀರು ಸುಲಭವಾಗಿ ಆವಿಯಾಗದು. ಮರುಭೂಮಿಯ ಗಿಡಗಳ ರಚನೆಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಕಣಗಿಲೆಯನ್ನು ಬಳಸುವುದು ಇದೇ ಕಾರಣಕ್ಕೆ.

1945ರ ಅಣುಬಾಂಬ್ ದಾಳಿಯ ಬಳಿಕ ಹಿರೋಶಿಮಾದ ಸುಟ್ಟ ನೆಲದಲ್ಲಿ ಮೊದಲು ಅರಳಿದ ಹೂ ಎಂಬ ಹಿರಿಮೆ ಕಣಗಿಲೆಗಿದೆ. 1973ರಲ್ಲಿ ಆ ನಗರ ಇದನ್ನು ತನ್ನ ಅಧಿಕೃತ ಪುಷ್ಪವನ್ನಾಗಿ ಆರಿಸಿಕೊಂಡಿತು.

ನೆಲದಲ್ಲಿ ಬೆಳೆಸುವ ಕ್ರಮ

ಕಣಗಿಲೆಗೆ ಮಣ್ಣಿನ ಬಗ್ಗೆ ಹಟವಿಲ್ಲ. ಬಯಲುಸೀಮೆಯ ಕೆಂಪುಮಣ್ಣು, ಕಲಬುರಗಿ–ರಾಯಚೂರು ಕಡೆಯ ಎರೆಮಣ್ಣು, ಕರಾವಳಿಯ ಮರಳು ಎಲ್ಲವೂ ಆಗುತ್ತದೆ. ತುಸು ಉಪ್ಪಿನಂಶವನ್ನೂ ಸುಣ್ಣದಂಶವನ್ನೂ ತಾಳಿಕೊಳ್ಳುತ್ತದೆ. ಅದು ರಾಜಿಯಾಗದ ವಿಷಯ ಒಂದೇ, ಬಿಸಿಲು. ದಿನಕ್ಕೆ ಕನಿಷ್ಠ 6 ತಾಸು ನೇರ ಬಿಸಿಲು ಬೀಳದ ಜಾಗದಲ್ಲಿ ಗಿಡ ಸಾಯುವುದಿಲ್ಲ, ಉದ್ದುದ್ದ ಬೆಳೆಯುತ್ತದೆ, ಆದರೆ ಹೂ ಬಿಡುವುದಿಲ್ಲ. 'ಎರಡು ವರ್ಷವಾಯಿತು, ಒಂದು ಹೂವೂ ಇಲ್ಲ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಪಕ್ಕದ ಕಟ್ಟಡದ ನೆರಳು. ಬೆಂಗಳೂರಿನ ಮೂವತ್ತು–ನಲವತ್ತರ ನಿವೇಶನಗಳಲ್ಲಿ ಮೂರಂತಸ್ತಿನ ಮನೆಗಳು ಒತ್ತೊತ್ತಾಗಿ ಎದ್ದ ಮೇಲೆ ನೆಲದ ಮೇಲಿನ ಅಂಗಳಕ್ಕಿಂತ ತಾರಸಿಯೇ ಕಣಗಿಲೆಗೆ ಲೇಸು.

ಮುಂಗಾರಿನ ಆರಂಭ ನೆಡುವುದಕ್ಕೆ ಪ್ರಶಸ್ತ ಕಾಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ತೆಗೆದ ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ನೆಟ್ಟರೆ ಸಾಕು. ಬೇಲಿಯಾಗಿ ಬೆಳೆಸುವವರು ಗಿಡದಿಂದ ಗಿಡಕ್ಕೆ 3ರಿಂದ 4 ಅಡಿ ಅಂತರ ಬಿಡಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ಬುಡ ನೆನೆಯುವಂತೆ ನೀರು ಕೊಡಬೇಕು. ಬೇರು ಇಳಿದ ನಂತರ ಮಳೆಯೇ ಬಹುಮಟ್ಟಿಗೆ ಸಾಕಾಗುತ್ತದೆ. ಆದರೂ ಕಡುಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರುಣಿಸಿದ ಗಿಡಕ್ಕೂ ಉಣಿಸದ ಗಿಡಕ್ಕೂ ಹೂವಿನಲ್ಲಿ ಎದ್ದುಕಾಣುವ ವ್ಯತ್ಯಾಸವಿರುತ್ತದೆ. ಬರವನ್ನು ಸಹಿಸುವ ಗಿಡ ಎಂದರೆ ಬರವನ್ನು ಬಯಸುವ ಗಿಡ ಎಂದರ್ಥವಲ್ಲ.

ಕರಾವಳಿ ಹಾಗೂ ಮಲೆನಾಡಿನವರ ಸಮಸ್ಯೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಹೂ ಕೊಳೆಯುತ್ತದೆ. ದಳಗಳು ಒತ್ತಾಗಿರುವ ಸುತ್ತಿನ ಹೂವಿನ ತಳಿಗಳಲ್ಲಿ ಬಾಡಿದ ಹೂಗಳು ತಾವಾಗಿ ಉದುರದೆ ಕಂದುಬಣ್ಣಕ್ಕೆ ತಿರುಗಿ ಗೊಂಚಲಿನಲ್ಲೇ ಅಂಟಿಕೊಳ್ಳುತ್ತವೆ. ನೋಡಲು ಚೆನ್ನಾಗಿರದು. ಅಂತಹ ಊರುಗಳಲ್ಲಿ ಒಂಟಿಸುತ್ತಿನ ಸಾದಾ ಗುಲಾಬಿ ಕಣಗಿಲೆಯೇ ಉತ್ತಮ ಆಯ್ಕೆ, ಅದರ ಹೂ ಬಾಡುವ ಮುನ್ನವೇ ಕಳಚಿ ಬೀಳುತ್ತದೆ. ನೀರು ನಿಲ್ಲದಂತೆ ಬುಡವನ್ನು ಅರ್ಧ ಅಡಿ ಏರಿಸಿ ದಿಬ್ಬದ ಮೇಲೆ ನೆಡಬೇಕು.

ಸವರುವುದು ಕಣಗಿಲೆಯ ಆರೈಕೆಯಲ್ಲಿ ಮುಖ್ಯವಾದ ಕೆಲಸ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಸವರದೆ ಬಿಟ್ಟ ಗಿಡದಲ್ಲಿ ಕಾಂಡಗಳು ಕೋಲಿನಂತೆ ನೀಳವಾಗಿ ಬೆಳೆದು, ಕಣ್ಣಿಗೆಟುಕದ ಎತ್ತರದಲ್ಲಿ ನಾಲ್ಕು ಹೂ ಬಿಡುತ್ತವೆ. ಒಂದು ದೊಡ್ಡ ಹೂವಿನ ಸರದಿ ಮುಗಿದೊಡನೆ ಪ್ರತಿ ಕೊಂಬೆಯನ್ನೂ ಮೂರನೇ ಒಂದು ಭಾಗದಷ್ಟು, ಗೆಣ್ಣಿನ ತುಸು ಮೇಲಕ್ಕೆ ಕತ್ತರಿಸಬೇಕು. ಗೆಣ್ಣಿನಲ್ಲಿ ಮೂರು ಎಲೆಗಳಿದ್ದುದರಿಂದ ಅಲ್ಲಿಂದ ಮೂರು ಕುಡಿಗಳವರೆಗೂ ಒಡೆಯುತ್ತವೆ. ಒಂದು ಹೂಗೊಂಚಲಿನ ಜಾಗದಲ್ಲಿ ಮುಂದಿನ ಸಲ ಮೂರು. ಮುದಿಯಾದ ಗಿಡವನ್ನು ನೆಲದಿಂದ ಒಂದು ಅಡಿಗೆ ಕಡಿದರೂ ಅದು ಮತ್ತೆ ಚಿಗುರುತ್ತದೆ. ಗೊಬ್ಬರ ಹೆಚ್ಚು ಹಾಕುವುದರಿಂದ ಲಾಭವಿಲ್ಲ. ಯೂರಿಯಾ ಸುರಿದರೆ ಎಲೆ ಹುಲುಸಾಗಿ ಹೂ ಹಿಂಜರಿಯುತ್ತದೆ.

ಹೊಸ ಗಿಡಕ್ಕೆ ಹಣ ಕೊಡಬೇಕಾದ ಅಗತ್ಯವೂ ಇಲ್ಲ. ಪೆನ್ಸಿಲ್ ಗಾತ್ರದ, ಗೇಣುದ್ದದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಕೊಂಬೆಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು ತೇವವಿರುವ ಮರಳಿನಲ್ಲಿ ಊರಿದರೆ ಒಂದೂವರೆ ತಿಂಗಳೊಳಗೆ ಬೇರು ಬರುತ್ತದೆ. ಬರಿಯ ನೀರಿನಲ್ಲಿಟ್ಟರೂ ಬೇರೊಡೆಯುತ್ತದೆ. ಬೀಜದಿಂದ ಬೆಳೆಸಿದ ಗಿಡ ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ನೀರಿನಲ್ಲಿ ಬೇರು ಬರಿಸುವವರು ಆ ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಡಕೂಡದು. ಆ ನೀರಿಗೂ ವಿಷ ಇಳಿದಿರುತ್ತದೆ.

ಕುಂಡದಲ್ಲಿ ಕಣಗಿಲೆ

ತಾರಸಿಗೆ ಗಿಡ್ಡ ತಳಿಗಳೇ ಸೂಕ್ತ. ಇವು 3ರಿಂದ 5 ಅಡಿಗೆ ನಿಲ್ಲುತ್ತವೆ. 12ರಿಂದ 14 ಇಂಚು ಅಗಲದ ಕುಂಡ ಬೇಕು. ಇದಕ್ಕಿಂತ ಚಿಕ್ಕದಾದರೆ ಬೇಸಿಗೆಯಲ್ಲಿ ಮಣ್ಣು ಸಂಜೆಯೊಳಗೆ ಒಣಗಿ ಮೊಗ್ಗು ಉದುರುತ್ತದೆ. ಕೆಂಪುಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಬೆರೆಸಿದ ಮಿಶ್ರಣ ಹೊಂದುತ್ತದೆ. ನರ್ಸರಿಯಿಂದ ತೆಂಗಿನ ನಾರಿನ ಪುಡಿಯಲ್ಲಿ ಬಂದ ಗಿಡವನ್ನು ಹಾಗೆಯೇ ಬಿಡಬಾರದು. ಅದು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಬೇಗ ನೆನೆಯುವುದಿಲ್ಲ.

ಕುಂಡದ ಕಣಗಿಲೆಗೆ ಮಾರ್ಚ್‌ನಿಂದ ಮೇವರೆಗೆ ದಿನವೂ ನೀರು ಬೇಕು. ಮಳೆಗಾಲದಲ್ಲಿ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು, ಗಿಡಕ್ಕೂ ಕೆಡುಕು, ಸೊಳ್ಳೆಗೂ ನೆಲೆ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಎರಡು ವರ್ಷಕ್ಕೊಮ್ಮೆ ಕುಂಡದಿಂದ ಹೊರತೆಗೆದು, ಸುತ್ತಿಕೊಂಡ ಬೇರಿನ ಹೊರಪದರವನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡಬೇಕು. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಚಳಿ, ಹಿಮ ಮತ್ತು ಹೊರನಾಡಿನ ಕನ್ನಡಿಗರು

ಉದ್ಯಾನ ಪುಸ್ತಕಗಳಲ್ಲಿ ಕಣಗಿಲೆಯನ್ನು ಹಿಮಕ್ಕೆ ಅಂಜುವ ಗಿಡವೆಂದು ಬಣ್ಣಿಸಿರುತ್ತಾರೆ. ಅವು ಬಹುತೇಕ ಯುರೋಪಿನಲ್ಲಿ ಬರೆದ ಪುಸ್ತಕಗಳು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಆದ್ದರಿಂದ ಕರ್ನಾಟಕದ ಊರುಗಳಲ್ಲಿ ಈ ಭಯಕ್ಕೆ ಅರ್ಥವಿಲ್ಲ. ಡಿಸೆಂಬರ್–ಜನವರಿಯಲ್ಲಿ ಹೂ ಕಡಿಮೆಯಾಗುತ್ತದೆ, ಅಷ್ಟೆ. ಮುಂಜಾನೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಊಟಿಯಂತಹ ಬೆಟ್ಟದೂರುಗಳಲ್ಲಿ ಮಾತ್ರ ಎಳೆಚಿಗುರು ಕಪ್ಪಾಗಬಹುದು.

ಲಂಡನ್, ಫ್ರಾಂಕ್‌ಫರ್ಟ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರು ಪೂಜೆಯ ಹೂವಿಗೆಂದು ಕಣಗಿಲೆ ಬೆಳೆಸಲು ಬಯಸಿದರೆ ಲೆಕ್ಕ ಬೇರೆ. ಬಲಿತ ಗಿಡ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿನ ಚಳಿಯನ್ನು ಅಲ್ಪಕಾಲ ತಾಳಬಲ್ಲದು, ದಿನಗಟ್ಟಲೆ ಅಲ್ಲ. ಕುಂಡದ ಬೇರು ಹೆಪ್ಪುಗಟ್ಟಿದರೆ ಗಿಡ ಉಳಿಯದು. ಹಾಗಾಗಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬೇಸಿಗೆಯಲ್ಲಿ ಜಗುಲಿಯ ಮೇಲಿರುವ ಕಣಗಿಲೆಯ ತೊಟ್ಟಿಗಳನ್ನು ಚಳಿಗಾಲಕ್ಕೆ ಮುನ್ನ ಒಳಗೆ ಸಾಗಿಸುವ ರೂಢಿಯಿದೆ. ಒಳಗೆ ಎಂದರೆ ಹೀಟರ್ ಉರಿಯುವ ಬೈಠಕ್‌ಖಾನೆಯಲ್ಲ. 5ರಿಂದ 10 ಡಿಗ್ರಿ ಇರುವ, ಬೆಳಕು ಬರುವ ತಂಪಾದ ಕೋಣೆ ಅಥವಾ ಕಿಟಕಿಯಿರುವ ಗ್ಯಾರೇಜು. ಅಲ್ಲಿ ತಿಂಗಳಿಗೆ ಒಂದೆರಡು ಸಲ ಸ್ವಲ್ಪ ನೀರು ಸಾಕು. ಬೆಚ್ಚನೆಯ ಕೋಣೆಯಲ್ಲಿಟ್ಟರೆ ಬೆಳಕಿಲ್ಲದೆ ಸೊರಗಿ, ಹೇನು ಹತ್ತುತ್ತದೆ. ಟೆಕ್ಸಾಸ್‌ನ ಕಡಲತೀರ ಮತ್ತು ಕ್ಯಾಲಿಫೋರ್ನಿಯದಲ್ಲಿ ಇರುವವರಿಗೆ ಈ ತೊಂದರೆಯಿಲ್ಲ. ಆದರೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 1990ರ ದಶಕದಿಂದ ಎಲೆಗಳನ್ನು ಸುಟ್ಟಂತೆ ಒಣಗಿಸುವ ಬ್ಯಾಕ್ಟೀರಿಯಾ ರೋಗ ಕಾಣಿಸಿಕೊಂಡು ರಸ್ತೆಬದಿಯ ಸಾಲುಗಳನ್ನು ನುಂಗಿದೆ. ಅದಕ್ಕೆ ಮದ್ದಿಲ್ಲ.

ಕೀಟಗಳು, ಚಿಟ್ಟೆಗಳು

ಎಳೆಚಿಗುರು ಮತ್ತು ಮೊಗ್ಗಿನ ತೊಟ್ಟಿಗೆ ಮುತ್ತಿಕೊಳ್ಳುವ ಅಚ್ಚಹಳದಿ ಬಣ್ಣದ, ಕಪ್ಪು ಕಾಲಿನ ಸಸ್ಯಹೇನು ಕಣಗಿಲೆಯ ಸಾಮಾನ್ಯ ಪೀಡೆ. ಜೋರಾಗಿ ನೀರು ಹಾಯಿಸಿ ತೊಳೆದರೆ, ಇಲ್ಲವೇ ಸಾಬೂನಿನ ತೆಳುದ್ರಾವಣ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಆದೀತು.

ಎಲೆಗಳನ್ನು ರಾತ್ರೋರಾತ್ರಿ ತಿಂದುಹಾಕುವ ಬೆರಳುಗಾತ್ರದ ಹಸಿರು ಹುಳು ಕಂಡರೆ ಅದನ್ನು ಕೊಲ್ಲುವ ಮುನ್ನ ಒಮ್ಮೆ ನೋಡಬೇಕು. ತಲೆಯ ಹಿಂದೆ ನೀಲಿ–ಬಿಳಿಯ ಎರಡು ಹುಸಿಗಣ್ಣುಗಳಿರುವ ಅದು ಓಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗದ ಮರಿ. ಅದು ಬೆಳೆದಾಗ ಹಸಿರು–ಗುಲಾಬಿ ಬಣ್ಣಗಳ ಚಿತ್ತಾರದ ರೆಕ್ಕೆ ಪಡೆಯುತ್ತದೆ. ಕಾಮನ್ ಕ್ರೋ ಎಂಬ ಕಂದುಬಣ್ಣದ ಚಿಟ್ಟೆಯೂ ಕಣಗಿಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಕೋಶ ಕನ್ನಡಿಯಂತೆ ಹೊಳೆಯುತ್ತ ಎಲೆಯಡಿ ನೇತಾಡುತ್ತಿರುತ್ತದೆ, ಲೋಹದ ಓಲೆಯೆಂದು ಭ್ರಮೆ ಹುಟ್ಟಿಸುವಷ್ಟು. ನಾಲ್ಕೆಲೆ ಹೋದರೆ ಗಿಡಕ್ಕೆ ನಷ್ಟವಿಲ್ಲ.

ವಿಷದ ವಿಚಾರ

ಕಣಗಿಲೆಯಲ್ಲಿರುವ ಓಲಿಯಾಂಡ್ರಿನ್ ಮುಂತಾದ ರಾಸಾಯನಿಕಗಳು ಹೃದಯದ ಮೇಲೆ ನೇರವಾಗಿ ಕೆಲಸ ಮಾಡುತ್ತವೆ. ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಮತೋಲ ಕಾಯುವ ವ್ಯವಸ್ಥೆಯನ್ನು ಅವು ತಡೆಹಿಡಿಯುತ್ತವೆ. ಹೃದ್ರೋಗಿಗಳಿಗೆ ಅಳತೆಯಿಂದ ಕೊಡುವ ಡಿಗಾಕ್ಸಿನ್ ಔಷಧದ ಕ್ರಮವೂ ಇದೇ. ಆದರೆ ಗಿಡದಲ್ಲಿ ಅಳತೆಯೆಂಬುದಿಲ್ಲ. ವಾಂತಿ, ಹೊಟ್ಟೆನೋವು, ತಲೆಸುತ್ತು, ದೃಷ್ಟಿ ಮಂಜಾಗುವುದು ಮೊದಲ ಲಕ್ಷಣಗಳು. ನಂತರ ನಾಡಿ ನಿಧಾನವಾಗಿ, ಲಯ ತಪ್ಪಿ, ಹೃದಯ ನಿಲ್ಲುವ ಅಪಾಯವಿದೆ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ, ಕುದಿಸಿದರೂ ಹೋಗುವುದಿಲ್ಲ, ಉರಿಸಿದಾಗ ಬರುವ ಹೊಗೆಯೂ ಒಳ್ಳೆಯದಲ್ಲ. ಹಳದಿ ಕಣಗಿಲೆಯ ಬೀಜ ಇನ್ನೂ ಅಪಾಯಕಾರಿ. ಮಕ್ಕಳು ಅದನ್ನು ಆಟದ ಕಾಯಿಯಾಗಿ ಆರಿಸಿಕೊಳ್ಳುವುದುಂಟು.

ಆಯುರ್ವೇದದ ರಸಶಾಸ್ತ್ರ ಗ್ರಂಥಗಳು ಕರವೀರವನ್ನು ಉಪವಿಷಗಳ ಪಟ್ಟಿಯಲ್ಲಿಟ್ಟು, ಶುದ್ಧಿ ಮಾಡದೆ ಬಳಸಬಾರದೆಂದು ವಿಧಿಸಿವೆ. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯ ಗಿಡಮೂಲಿಕೆಯ ಮಾತನ್ನಷ್ಟೇ ಹಂಚುವ ಮನೆಮದ್ದಿನ ಸಂದೇಶಗಳು ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಓಲಿಯಾಂಡ್ರಿನ್ ಸೋಂಕಿಗೆ ಮದ್ದೆಂಬ ಪ್ರಚಾರ ಅಮೆರಿಕದಲ್ಲಿ ನಡೆಯಿತು. ಅದನ್ನು ಪೂರಕ ಆಹಾರವಾಗಿ ಮಾರುವ ಪ್ರಸ್ತಾವವನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಒಪ್ಪಲಿಲ್ಲ.

ಕೇರಳದ ಪ್ರಕರಣ ಈ ಚರ್ಚೆಯನ್ನು ದೇವಸ್ಥಾನದ ಬಾಗಿಲಿಗೆ ತಂದಿತು. 2024ರ ಏಪ್ರಿಲ್ ಕೊನೆಯಲ್ಲಿ ಯುವತಿಯೊಬ್ಬರು ಅಸ್ವಸ್ಥರಾಗಿ ಮೃತಪಟ್ಟಾಗ, ಕಣಗಿಲೆಯನ್ನು ಅರಿಯದೆ ಅಗಿದದ್ದೇ ಕಾರಣವೆಂಬ ಶಂಕೆ ವ್ಯಕ್ತವಾಯಿತು. ಮೇ ತಿಂಗಳಿನಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ ಹಾಗೂ ಪ್ರಸಾದದಲ್ಲಿ ಈ ಹೂವಿನ ಬಳಕೆಯನ್ನು ನಿಲ್ಲಿಸಿದವು. ತುಳಸಿ, ಕೇಪಳ, ಮಲ್ಲಿಗೆಗಳನ್ನು ಬಳಸುವಂತೆ ಸೂಚನೆ ಹೋಯಿತು.

ಕರ್ನಾಟಕದಲ್ಲಿಯೂ ಕಣಗಿಲೆ ಶಿವನಿಗೆ, ದೇವಿಗೆ ಸಲ್ಲುವ ಹೂ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕಣಗಿಲೆಯ ಹಾರಗಳು ರಾಶಿ ಬೀಳುತ್ತವೆ. ಅರ್ಚನೆಗೆ, ಹಾರಕ್ಕೆ ಇದನ್ನು ಬಳಸುವುದರಲ್ಲಿ ತೊಂದರೆಯಿಲ್ಲ. ತೊಂದರೆಯಿರುವುದು ಹೂವಿನ ಎಸಳು ತೀರ್ಥದ ಬಟ್ಟಲಿಗೆ, ಪಂಚಾಮೃತಕ್ಕೆ, ಹಣ್ಣಿನ ತಟ್ಟೆಗೆ ಬೀಳುವುದರಲ್ಲಿ. ಮನೆಯ ಪೂಜೆಯಲ್ಲಿಯೂ ಕಣಗಿಲೆಯನ್ನು ನೈವೇದ್ಯದಿಂದ ದೂರವಿಟ್ಟು, ತೀರ್ಥಕ್ಕೆ ತುಳಸಿಯನ್ನಷ್ಟೇ ಹಾಕುವುದು ಕ್ಷೇಮ. ಪ್ರಸಾದವೆಂದು ಕೊಟ್ಟ ಹೂವನ್ನು ದೊಡ್ಡವರು ಕಣ್ಣಿಗೊತ್ತಿಕೊಂಡು ಮುಡಿಯುತ್ತಾರೆ. ಎರಡು ವರ್ಷದ ಮಗುವಿನ ಕೈಗೆ ಕೊಟ್ಟರೆ ಅದು ನೇರ ಬಾಯಿಗೆ ಹೋಗುತ್ತದೆ.

ಜೇನಿನ ಬಗೆಗಿನ ಆತಂಕ ಮಾತ್ರ ಅಷ್ಟು ಬಲವಾದುದಲ್ಲ. ಕಣಗಿಲೆಯ ಹೂವಿನಲ್ಲಿ ಮಕರಂದವೇ ಇಲ್ಲ. ಬಣ್ಣ ತೋರಿಸಿ ಕೀಟಗಳನ್ನು ಕರೆಸಿಕೊಂಡು ಬರಿಗೈಯಲ್ಲಿ ಕಳಿಸುವ ಗಿಡ ಅದು.

ಸವರಿದ ಕೊಂಬೆಗಳನ್ನು ಎಲ್ಲಿ ಹಾಕುತ್ತಾರೆ ಎಂಬುದು ನಗರವಾಸಿಗಳು ಗಮನಿಸಬೇಕಾದ ಮತ್ತೊಂದು ಸಂಗತಿ. ಹಸಿ ಎಲೆ ಕಹಿಯಾದ್ದರಿಂದ ದನ ಮೂಸಿ ಬಿಡುತ್ತದೆ. ಆದರೆ ರಸ್ತೆ ಮೂಲೆಯ ಕಸದ ರಾಶಿಯಲ್ಲಿ ಹುಲ್ಲು, ತರಕಾರಿ ಸಿಪ್ಪೆಯ ಜೊತೆ ಬೆರೆತು ಒಣಗಿದ ಎಲೆಯನ್ನು ಹಸಿದ ಬೀದಿ ಹಸು ಬೇರ್ಪಡಿಸಿ ತಿನ್ನಲಾರದು. ಕತ್ತರಿಸಿದ್ದನ್ನು ಚೀಲದಲ್ಲಿ ಕಟ್ಟಿ, ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ತಿಳಿಸಿ ಕೊಡಬೇಕು. ಖಾಲಿ ನಿವೇಶನದಲ್ಲಿ ಎಸೆಯುವುದು, ನೀರು ಕಾಯಿಸುವ ಒಲೆಗೆ ಹಾಕುವುದು ಎರಡೂ ಕೂಡದು. ಕಡ್ಡಿಯನ್ನು ಹಲ್ಲುಜ್ಜಲು, ಪನ್ನೀರು ಚುಚ್ಚಿ ಸುಡಲು ಬಳಸುವುದು ಸರ್ವಥಾ ಸಲ್ಲದು. ಸವರುವಾಗ ಒಸರುವ ಅಂಟುರಸ ಕೆಲವರ ಚರ್ಮಕ್ಕೆ ಉರಿ ತರುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನೂ ಕತ್ತರಿಯನ್ನೂ ಸಾಬೂನಿನಿಂದ ತೊಳೆಯಬೇಕು.

ಯಾರಾದರೂ ಎಲೆ, ಹೂ ಅಥವಾ ಕಾಯಿ ತಿಂದರೆಂಬ ಅನುಮಾನ ಬಂದರೂ ಲಕ್ಷಣಗಳಿಗಾಗಿ ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಕ್ರಮವನ್ನು ಅನುಸರಿಸಬಾರದು. ಬಾಯಲ್ಲಿ ಉಳಿದಿರುವುದನ್ನು ತೆಗೆದು, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಗಿಡದ ಒಂದು ರೆಂಬೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರಿಗೆ ಗುರುತು ಹಿಡಿಯಲು ನೆರವಾಗುತ್ತದೆ. ಸಕ್ರಿಯ ಇದ್ದಿಲು, ಅಟ್ರೋಪಿನ್ ಮೊದಲಾದ ಚಿಕಿತ್ಸೆಗಳಿವೆ. ಡಿಗಾಕ್ಸಿನ್ ವಿಷಕ್ಕೆ ಕೊಡುವ ಪ್ರತಿಕಾಯದ ಚುಚ್ಚುಮದ್ದು ಇದಕ್ಕೂ ಕೆಲಸ ಮಾಡುತ್ತದೆ, ಆದರೆ ಅದು ದುಬಾರಿ, ಎಲ್ಲ ಆಸ್ಪತ್ರೆಗಳಲ್ಲೂ ಸಿಗುವಂಥದಲ್ಲ.

ನೆಡುವ ಮುನ್ನ

ನಡೆಯಲು ಕಲಿಯುತ್ತಿರುವ ಮಕ್ಕಳು, ಎಲೆ ಕಚ್ಚುವ ಚಟವಿರುವ ನಾಯಿಮರಿ, ಮೇಕೆ ಅಥವಾ ಮೊಲ ಇರುವ ಮನೆಗಳಲ್ಲಿ ಕೆಲವು ವರ್ಷ ಕಣಗಿಲೆಯನ್ನು ಮುಂದೂಡುವುದು ಜಾಣತನ. ಗುಲಾಬಿ ಬಣ್ಣದ ಹೂವೇ ಬೇಕೆಂದರೆ ಕೇಪಳದ ಗುಲಾಬಿ ತಳಿ, ದಾಸವಾಳ, ಗುಲಾಬಿ ಮುಸ್ಸಂಡ ಇವೆ. ಇವೂ ವರ್ಷವಿಡೀ ಹಸಿರಾಗಿರುತ್ತವೆ. ಡೆಸರ್ಟ್ ರೋಸ್ ಎಂದು ಮಾರುವ ಅಡೇನಿಯಮ್ ಬದಲಿಯಾಗಲಾರದು, ಅದು ಕಣಗಿಲೆಯ ಹತ್ತಿರದ ಬಂಧು ಮತ್ತು ಅದರಲ್ಲಿಯೂ ಇದೇ ಬಗೆಯ ವಿಷವಿದೆ. ಅಂಥ ತೊಡಕಿಲ್ಲದ ಮನೆಗಳಲ್ಲಿ ಕಣಗಿಲೆಗೆ ಗೇಟಿನ ಬದಿಯಲ್ಲ, ಕಾಂಪೌಂಡಿನ ಒಳಮೂಲೆ ಸರಿಯಾದ ಜಾಗ. ಶಾಲೆಗೆ ಹೋಗುವ ಮಕ್ಕಳು ದಾರಿಯಲ್ಲಿ ಕೈಚಾಚಿ ಕಿತ್ತುಕೊಳ್ಳದಷ್ಟು ದೂರದಲ್ಲಿರಬೇಕು. ಸೊಪ್ಪು ಬೆಳೆಯುವ ಮಡಿಯ ಪಕ್ಕದಲ್ಲಿ, ಬಾವಿ ಅಥವಾ ನೀರಿನ ತೊಟ್ಟಿಯ ಮೇಲೆ ಬಾಗುವಂತೆ ನೆಡಬಾರದು. ನರ್ಸರಿಯಲ್ಲಿ ಕೊಳ್ಳುವಾಗ ಹೂ ಬಿಟ್ಟಿರುವ ಗಿಡವನ್ನೇ ಆರಿಸಿಕೊಂಡರೆ ಬಣ್ಣದ ಬಗ್ಗೆ ಮೋಸ ಹೋಗುವಂತಿಲ್ಲ. ಚೀಟಿಯಲ್ಲಿ ನೀರಿಯಂ ಎಂದಿದ್ದರೆ, ಮನೆಗೆ ತಂದ ಮೇಲೆ ಕುಂಡದ ಮೇಲೆ ಕಣಗಿಲೆ ಎಂದು ಕನ್ನಡದಲ್ಲಿ ಬರೆದಿಡುವುದು ಲೇಸು. ಮನೆಗೆಲಸಕ್ಕೆ ಬರುವವರಿಗೂ, ರಜೆಗೆ ಬರುವ ಅಜ್ಜ–ಅಜ್ಜಿಗೂ ಆ ಒಂದು ಪದ ಸಾಕಾಗುತ್ತದೆ.